ಮೀನು ಯಾರ ಮಾತು?

ಫೆಬ್ರವರಿ ತಿಂಗಳ ಒಂದು ಭಾನುವಾರ. ಎಂಟು ವರ್ಷದ ಮಗಳ ಕೈಹಿಡಿದುಕೊಂಡು ನಾವು ವಿಕ್ರೋಳಿಯ ಪೇಟೆಗೆ ಹೋಗಿದ್ದೆವು. ತಿಂಗಳ ಮೊದಲ ವಾರವಾದುದರಿಂದ ಕಿಸೆಯಲ್ಲಿ ನಾಲ್ಕು ಕಾಸು ಓಡಾಡುತ್ತಿತ್ತು. ಕೋಲಿ ಹೆಂಗಸಿನೊಡನೆ ಪದ್ಧತಿಯಂತೆ ಚೌಕಾಸಿ ಮಾಡಿ ಒಂದು ಡಜನ್ ಬಂಗಡೆ ಕೊಂಡೆವು. ಮನೆಯ ಹೊಸ್ತಿಲು ದಾಟಿದೊಡನೆ ಮಗಳು ಚೀಲವನ್ನು ಮೇಲೆತ್ತಿ, "ಅಜ್ಜೀ, ಮಾಸೆ ತಂದಿದ್ದೇವೆ" ಎಂದು ಕೂಗಿದಳು.

ಆಗ ನಮ್ಮ ಅಮ್ಮ ಊರಿನಿಂದ ಬಂದು ಎರಡು ತಿಂಗಳಾಗಿತ್ತು. ನಮ್ಮದು ಕುಂದಾಪುರದ ಕಡೆ. "ಮಾಸೆ ಅಲ್ಲ ಮಗಾ, ಮೀನ್ ಅಂತ ಹೇಳ್" ಎಂದರು ಅಮ್ಮ. ಮಗಳು ನಕ್ಕು, "ಎರಡೂ ಅದೇ ಅಲ್ಲವೇ?" ಎಂದಳು. ಅವಳದು ತಪ್ಪೆನ್ನುವಂತಿಲ್ಲ. ಶಾಲೆಯಲ್ಲಿ ಫಿಶ್, ಆಟದ ಅಂಗಳದಲ್ಲಿ ಮಛಲಿ, ಎದುರು ಮನೆಯ ಕಾಕೂ ಬಳಿ ಮಾಸಾ. ದಿನದ ಹದಿನಾಲ್ಕು ಗಂಟೆಗಳಲ್ಲಿ 'ಮೀನು' ಎಂದು ಹೇಳುವ ಸಂದರ್ಭ ಆ ಮಗುವಿಗೆ ಒದಗುವುದಾದರೂ ಎಷ್ಟು ಸಲ? ನಮ್ಮ ಮನೆಯಾಕೆ ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು. ನಾವೋ ಬೆಳಗ್ಗೆ ಎಂಟರ ಗಾಡಿ ಹಿಡಿದರೆ ರಾತ್ರಿ ಎಂಟಕ್ಕೆ ಮರಳುವ ಗುಮಾಸ್ತರು.

ಅಷ್ಟು ಹೊತ್ತಿಗೆ ಮೇಲಿನ ಮಹಡಿಯ ಹಿರಿಯರೊಬ್ಬರು ಪತ್ರಿಕೆ ಕೇಳಲು ಬಂದಿದ್ದರು. ಅವರೂ ಕನ್ನಡಿಗರೇ, ಓದಿಕೊಂಡವರು. ನಗುತ್ತ ಹೇಳಿದರು: "ಅಮ್ಮಾ, ನೀವು ಮಗುವನ್ನು ಸುಮ್ಮನೆ ತಿದ್ದುತ್ತೀರಿ. ಮೀನ ಎಂಬುದು ಸಂಸ್ಕೃತ ಶಬ್ದ. ಮಾಸಾ ಎಂಬುದೂ ಸಂಸ್ಕೃತದ ಮತ್ಸ್ಯದಿಂದಲೇ ಬಂದದ್ದು. ಎರಡೂ ಒಂದೇ ಮನೆಯವು. ಇದರಲ್ಲಿ ನಮ್ಮದು ಎಂದು ಹಟ ಹಿಡಿಯಲು ಏನಿದೆ?"

ಅಮ್ಮ ಮಾತನಾಡಲಿಲ್ಲ, ಮೀನಿನ ಚೀಲವನ್ನು ತೆಗೆದುಕೊಂಡು ಒಳಗೆ ಹೋದರು. ಮಗಳು ಮಾತ್ರ ನಮ್ಮ ಮುಖ ನೋಡಿ ಕೇಳಿದಳು: "ಅಪ್ಪಾ, ಹಾಗಾದರೆ ಕನ್ನಡದ್ದು ಅಂತ ಯಾವುದಿದೆ?" ಬಿ.ಎ. ಪದವಿಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ನಮಗೆ ಉತ್ತರ ಹೊಳೆಯಲಿಲ್ಲ. ಅಂದು ರಾತ್ರಿ ಊಟವಾದ ಮೇಲೆ ಅಮ್ಮ ಮೆಲ್ಲನೆ, "ನನ್ನ ಮಾತು ಇಲ್ಲಿ ಯಾರಿಗೂ ಬ್ಯಾಡ. ನಾ ಊರಿಗೆ ಹೋತೆ" ಎಂದರು. ಮೇ ತಿಂಗಳವರೆಗೆ ಇರಬೇಕೆಂದು ಬಂದವರು ಅವರು.

ಆ ಮಾತು ನಮ್ಮನ್ನು ಕೊರೆಯತೊಡಗಿತು. ಅಂದಿನಿಂದ ಗ್ರಂಥಾಲಯದಲ್ಲೂ ಗಾಡಿಯ ನೂಕುನುಗ್ಗಲಿನಲ್ಲೂ ಈ ಒಂದು ಶಬ್ದದ ಬೆನ್ನುಹತ್ತಿದೆವು. ನಮಗೆ ದೊರೆತದ್ದನ್ನು ವಾಚಕರ ಮುಂದಿಡುತ್ತಿದ್ದೇವೆ. ನಾವು ಭಾಷಾಶಾಸ್ತ್ರಜ್ಞರಲ್ಲ, ಕಡತ ನೋಡಿ ಟಿಪ್ಪಣಿ ಬರೆಯುವವರು. ಇದನ್ನೂ ಒಂದು ಕಡತವೆಂದೇ ತಿಳಿದು ಓದಬೇಕಾಗಿ ವಿನಂತಿ.

ಮೊದಲು ಹಿರಿಯರ ವಾದವನ್ನು ನೋಡೋಣ. ಸಂಸ್ಕೃತದಲ್ಲಿ 'ಮೀನ' ಇದೆ, ಸಂದೇಹವಿಲ್ಲ. ಪಂಚಾಂಗ ತೆರೆದರೆ ಹನ್ನೆರಡನೆಯ ರಾಶಿ ಮೀನ. ಯಾವ ಕೆಲಸಕ್ಕೂ ಕೈಹಾಕದೆ ಹಿಂದೆಮುಂದೆ ನೋಡುವವನನ್ನು 'ಮೀನಮೇಷ ಎಣಿಸುತ್ತಾನೆ' ಎನ್ನುತ್ತೇವೆ. ಮಧುರೆಯ ದೇವಿ ಮೀನಾಕ್ಷಿ. ಆದರೆ ಒಂದು ಭಾಷೆಯ ನಿಘಂಟಿನಲ್ಲಿ ಶಬ್ದವಿದ್ದ ಮಾತ್ರಕ್ಕೆ ಅದು ಆ ಭಾಷೆಯಲ್ಲೇ ಹುಟ್ಟಿತೆನ್ನಬಹುದೇ? ನಮ್ಮ ಮನೆಯಲ್ಲಿರುವ ಕುರ್ಚಿಯೆಲ್ಲ ನಮ್ಮ ಮನೆಯಲ್ಲೇ ಮಾಡಿದುದೇ?

ಶಬ್ದದ ಹುಟ್ಟೂರನ್ನು ಹುಡುಕುವವರು ಮುಖ್ಯವಾಗಿ ಎರಡು ಸಂಗತಿಗಳನ್ನು ವಿಚಾರಿಸುತ್ತಾರೆ. ಒಂದು, ಆ ಭಾಷೆಯ ಅತ್ಯಂತ ಹಳೆಯ ಗ್ರಂಥದಲ್ಲಿ ಅದು ಇದೆಯೇ? ಎರಡು, ಆ ಭಾಷೆಯ ಅಕ್ಕತಂಗಿಯರಲ್ಲಿ ಅದು ಉಂಟೇ?

ಋಗ್ವೇದದಲ್ಲಿ ಮೀನಿಗಿರುವ ಹೆಸರು 'ಮತ್ಸ್ಯ'. 'ಮೀನ' ಅಲ್ಲಿಲ್ಲ, ಅದು ಕಾಣಿಸಿಕೊಳ್ಳುವುದು ಅನಂತರದ ಸಂಸ್ಕೃತದಲ್ಲಿ. ಇನ್ನು ಬಂಧುಬಳಗ. ಮತ್ಸ್ಯಕ್ಕೆ ದೊಡ್ಡ ಕುಟುಂಬವೇ ಇದೆ. ಪಾರಸಿಗಳ ಧರ್ಮಗ್ರಂಥವಾದ ಅವೆಸ್ತಾದಲ್ಲಿ 'ಮಸ್ಯ', ಇಂದಿನ ಇರಾನಿನಲ್ಲಿ 'ಮಾಹಿ', ಪ್ರಾಕೃತದಲ್ಲಿ 'ಮಚ್ಛ', ಅದರಿಂದ ಹಿಂದಿಯ ಮಛಲಿ, ಗುಜರಾತಿಯ ಮಾಛಲಿ, ಮರಾಠಿಯ ಮಾಸಾ. ಹೀಗೆ ಮಗಳು ಹೇಳಿದ ಮಾತೂ ಬಹು ದೂರ ನಡೆದು ಬಂದ ಹಳೆಯ ಮಾತೇ. ಅದನ್ನು ಹೀನವೆಂದು ಎಣಿಸಬೇಕಾಗಿಲ್ಲ. ಆದರೆ 'ಮೀನ'ಕ್ಕೆ ಇರಾನಿನ ಕಡೆಯಾಗಲಿ ಯೂರೋಪಿನ ಕಡೆಯಾಗಲಿ ಇಂಥ ಒಪ್ಪಿತವಾದ ಬಳಗ ಕಾಣದು.

ಈಗ ದಕ್ಷಿಣಕ್ಕೆ ತಿರುಗೋಣ. ಕನ್ನಡದಲ್ಲಿ ಮೀನು, ತುಳುವಿನಲ್ಲಿ ಮೀನ್, ಕೊಡವದಲ್ಲಿ ಮೀನ್, ತಮಿಳು ಮಲಯಾಳಗಳಲ್ಲಿ ಮೀನ್. ನೀಲಗಿರಿಯ ಬೆಟ್ಟದ ಮೇಲೆ ಎಮ್ಮೆ ಸಾಕಿಕೊಂಡು ಬಂದ ತೊದವರಲ್ಲೂ ಅವರ ನೆರೆಯ ಕೋತರಲ್ಲೂ ಅದೇ ಶಬ್ದ. ಒಡಿಶಾದ ಬೆಟ್ಟಗಳ ಕುಯಿ ಭಾಷೆಯಲ್ಲಿ ಮೀನು. ಗಂಗೆಯ ಬದಿಯ ರಾಜಮಹಲ್ ಬೆಟ್ಟಗಳಲ್ಲಿ ಮಾಲ್ತೋ ಆಡುವ ಜನ 'ಮಿನು' ಎನ್ನುತ್ತಾರೆ. ಇದೆಲ್ಲಕ್ಕಿಂತ ನಮಗೆ ಹೆಚ್ಚು ಸಂತೋಷವಾದ ಸಂಗತಿ ನಾವಿರುವ ಮಹಾರಾಷ್ಟ್ರದ್ದೇ. ಗಡಚಿರೋಲಿ, ಚಂದ್ರಪುರದ ಕಾಡುಗಳಲ್ಲಿ ಗೊಂಡಿ ಆಡುವ ತಾಯಂದಿರು ಮಕ್ಕಳಿಗೆ ಹೇಳಿಕೊಡುವ ಮಾತು 'ಮೀನ್'. ನಮ್ಮ ಕುಂದಾಪುರದ ಅಮ್ಮನೂ ಗಡಚಿರೋಲಿಯ ಆ ತಾಯಿಯೂ ಎದುರುಬದುರು ಕುಳಿತರೆ ಉಳಿದ ಮಾತು ತಿಳಿಯಲಿ ಬಿಡಲಿ, ಬುಟ್ಟಿಯಲ್ಲಿರುವುದೇನೆಂಬುದು ಇಬ್ಬರಿಗೂ ಒಂದೇ ಶಬ್ದದಲ್ಲಿ ತಿಳಿದೀತು.

ಸಂಸ್ಕೃತ ಪಾಠಶಾಲೆಯ ನೆರಳೂ ಬೀಳದ ಇಷ್ಟು ಬೆಟ್ಟಕಾಡುಗಳಿಗೆ ಇದು ಗ್ರಂಥದಿಂದ ಹೋಯಿತೆನ್ನುವುದು ಕಷ್ಟ. ಈ ಭಾಷೆಗಳು ಬೇರೆಬೇರೆಯಾಗುವ ಮುನ್ನವೇ, ಎಲ್ಲವೂ ಒಂದೇ ಮನೆಯಲ್ಲಿದ್ದಾಗಲೇ, ಈ ಶಬ್ದ ಇದ್ದಿರಬೇಕು. ಸಂಸ್ಕೃತವೇ ಅದನ್ನು ಇಲ್ಲಿಂದ ಎರವಲು ಪಡೆದಿರಬೇಕು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ ನಿಘಂಟಿನ ಕರ್ತೃ ಕಿಟೆಲರು ಸಂಸ್ಕೃತಕ್ಕೆ ಹೀಗೆ ದ್ರಾವಿಡದಿಂದ ಹೋದ ಶಬ್ದಗಳನ್ನು ಹುಡುಕಿ ಪಟ್ಟಿಮಾಡಿದವರಲ್ಲಿ ಮೊದಲಿಗರ ಸಾಲಿನವರು. ಬರೋ ಮತ್ತು ಎಮೆನೋ ಎಂಬ ಪಂಡಿತರು ದ್ರಾವಿಡ ಭಾಷೆಗಳ ಶಬ್ದಮೂಲಗಳ ದೊಡ್ಡ ನಿಘಂಟನ್ನು 1961ರಲ್ಲಿಯೂ ಅದರ ಎರಡನೆಯ ಆವೃತ್ತಿಯನ್ನು 1984ರಲ್ಲಿಯೂ ಹೊರತಂದರು. 'ಮೀನ'ವು ದ್ರಾವಿಡದಿಂದ ಸಂಸ್ಕೃತಕ್ಕೆ ಹೋದುದೆಂಬ ಮಾತನ್ನು ಇಂದು ವಿದ್ವಾಂಸರಲ್ಲಿ ಬಹುಮಂದಿ ಒಪ್ಪಿದ್ದಾರೆ.

ಇಷ್ಟನ್ನು ಒಂದು ಸಂಜೆ ಮನೆಯಲ್ಲಿ ವಿವರಿಸುತ್ತಿದ್ದಾಗ ನಮ್ಮ ಮನೆಯಾಕೆ ಒಂದು ಊಹೆ ಮುಂದಿಟ್ಟಳು: "ಮೀಯುವುದು ಎಂದರೆ ಸ್ನಾನಮಾಡುವುದಲ್ಲವೇ? ಯಾವಾಗಲೂ ಮೀಯುತ್ತಲೇ ಇರುವುದರಿಂದ ಅದು ಮೀನು!" ಊಹೆ ಸೊಗಸಾಗಿದೆ, ಸಭೆಯಲ್ಲಿ ಹೇಳಿದರೆ ಚಪ್ಪಾಳೆ ಬಿದ್ದೀತು. ಆದರೆ ಕಿವಿಗೆ ಹತ್ತಿರವಾದ ಮಾತ್ರಕ್ಕೆ ಶಬ್ದಗಳು ನೆಂಟರಾಗುವುದಿಲ್ಲ. ನೆಂಟಸ್ತನಕ್ಕೆ ಒಂದು ಲೆಕ್ಕ ಉಂಟು. ಒಂದು ಭಾಷೆಯಲ್ಲಿ ಒಂದು ಧ್ವನಿ ಬದಲಾದರೆ ಅದು ಒಂದೇ ಶಬ್ದದಲ್ಲಿ ಬದಲಾಗದೆ, ಅಂಥ ಶಬ್ದಗಳ ಸಾಲಿನಲ್ಲೆಲ್ಲ ಬದಲಾಗಬೇಕು. ಹಳಗನ್ನಡದ ಪಾಲ್ ಇಂದು ಹಾಲು, ಪುಲಿ ಇಂದು ಹುಲಿ, ಪಲ್ ಇಂದು ಹಲ್ಲು. ತುಳುವಿನಲ್ಲಿ ಹುಲಿ ಇಂದಿಗೂ 'ಪಿಲಿ'ಯೇ. ಮುಂಬಯಿಯ ನವರಾತ್ರಿಯಲ್ಲಿ ಪಿಲಿವೇಷ ನೋಡಿದ ಮಕ್ಕಳಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ.

ಈ ಲೆಕ್ಕ ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ ಎಂಬುದಕ್ಕೆ ದೂರದ ಒಂದು ಮೀನಿನ ಕಥೆಯನ್ನೇ ಹೇಳಬಹುದು. ಯೂರೋಪಿನ ಉತ್ತರದ ಫಿನ್‌ಲೆಂಡಿನಲ್ಲಿ ಮೀನಿಗೆ 'ಕಲ' ಎನ್ನುತ್ತಾರೆ. ಅಲ್ಲಿಂದ ಎಷ್ಟೋ ದಕ್ಷಿಣದ ಹಂಗೇರಿಯಲ್ಲಿ 'ಹಲ್'. ಎರಡು ದೇಶಗಳ ನಡುವೆ ಬೇರೆ ಭಾಷೆಗಳ ಜನ ತುಂಬಿದ್ದಾರೆ. ಆದರೂ ಇವೆರಡೂ ಉರಾಲಿಕ್ ಎಂಬ ಒಂದೇ ಭಾಷಾವಂಶದವು. ಫಿನ್ನಿಷ್‌ನಲ್ಲಿ ಮೂರಕ್ಕೆ 'ಕೊಲ್ಮೆ', ಹಂಗೇರಿಯನ್ನಿನಲ್ಲಿ 'ಹಾರೊಮ್'. ಅಲ್ಲಿ ಕಕಾರವಿದ್ದೆಡೆ ಇಲ್ಲಿ ಹಕಾರ, ನಮ್ಮಲ್ಲಿ ಪಕಾರ ಹೋಗಿ ಹಕಾರ ಬಂದಂತೆಯೇ. ಈ ನೆಂಟಸ್ತನದ ಸುಳಿವನ್ನು ಲೋಕಕ್ಕೆ ಹೇಳಿದವರಲ್ಲಿ ಒಬ್ಬ ಹಂಗೇರಿಯ ಪಾದ್ರಿ ಯಾನೋಶ್ ಶಾಯ್ನೊವಿಚ್. ಆತ ಹೋದದ್ದು ಭಾಷೆ ಕಲಿಯಲಿಕ್ಕಲ್ಲ. 1769ರ ಜೂನ್ 3ರಂದು ಶುಕ್ರಗ್ರಹವು ಸೂರ್ಯಬಿಂಬದ ಮೇಲೆ ಹಾದುಹೋಗುವುದನ್ನು ನೋಡಲು ನಾರ್ವೆಯ ಉತ್ತರ ತುದಿಯ ವಾರ್ಡೊ ದ್ವೀಪಕ್ಕೆ ಹೋಗಿದ್ದ. ಅಲ್ಲಿ ಹಿಮಸಾರಂಗ ಸಾಕುವ ಸಾಮಿ ಜನರ ಮಾತು ಕಿವಿಗೆ ಬಿದ್ದು, ತನ್ನ ತಾಯ್ನುಡಿಯ ನೆಂಟನೆಂದು ತಿಳಿದು, 1770ರಲ್ಲಿ ಪುಸ್ತಕವನ್ನೇ ಬರೆದ. ಆಕಾಶ ನೋಡಲು ಹೋದವನಿಗೆ ಅಡುಗೆಮನೆಯ ಮಾತು ಸಿಕ್ಕಿತು.

ಆ ಭಾಷೆಗಳಿಗೂ ನಮ್ಮ ದ್ರಾವಿಡ ಭಾಷೆಗಳಿಗೂ ಸಂಬಂಧವಿದ್ದೀತೆಂದು 1856ರಲ್ಲಿ ಕಾಲ್ಡ್‌ವೆಲ್ ಪಾದ್ರಿಗಳು ಬರೆದರು. ಅದು ಇಂದಿಗೂ ಸಿದ್ಧವಾಗಿಲ್ಲ. ಆದರೆ ಒಬ್ಬ ಫಿನ್‌ಲೆಂಡಿನ ಪಂಡಿತರು ನಮ್ಮ 'ಮೀನು' ಶಬ್ದವನ್ನು ಹಿಡಿದು ಐವತ್ತು ವರ್ಷ ದುಡಿದಿದ್ದಾರೆ. ಅವರಿಗೆ ದಾರಿ ತೋರಿದುದು ಬೇರಾವ ಊರೂ ಅಲ್ಲ, ನಮ್ಮ ಮುಂಬಯಿ. ಅದನ್ನೇ ಈಗ ಹೇಳಬೇಕಾಗಿದೆ.

ಸಿ.ಎಸ್.ಎಂ.ಟಿ. ನಿಲ್ದಾಣದಿಂದ ಹೊರಬಿದ್ದು ಧೋಬಿ ತಲಾವಿನತ್ತ ನಡೆದರೆ ಕಲ್ಲುಕಟ್ಟಡದ ಸೇಂಟ್ ಝೇವಿಯರ್ಸ್ ಕಾಲೇಜು ಸಿಗುತ್ತದೆ. ಹತ್ತು ವರ್ಷದಿಂದ ಅದರ ಸುತ್ತಮುತ್ತ ಓಡಾಡಿದರೂ ಅದಕ್ಕೂ ನಮ್ಮ ಮೀನಿಗೂ ನಂಟಿದೆಯೆಂದು ನಾವು ಕನಸಿನಲ್ಲೂ ಎಣಿಸಿರಲಿಲ್ಲ. ಸ್ಪೇನ್ ದೇಶದ ಫಾದರ್ ಹೆನ್ರಿ ಹೆರಾಸ್ 1922ರಲ್ಲಿ ಈ ಕಾಲೇಜಿಗೆ ಇತಿಹಾಸದ ಅಧ್ಯಾಪಕರಾಗಿ ಬಂದರು; 1926ರಲ್ಲಿ ಇಲ್ಲಿ ಇತಿಹಾಸ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿದರು. ಇಂದು ಅದು ಅವರ ಹೆಸರಿನಿಂದಲೇ ನಡೆಯುತ್ತಿದೆ. ಕನ್ನಡಿಗರು ನೆನೆಯಬೇಕಾದ ಇನ್ನೊಂದು ವಿಷಯ: ವಿಜಯನಗರದ ಅರವೀಡು ರಾಜವಂಶದ ಮೇಲೆ 1927ರಲ್ಲಿ ದೊಡ್ಡ ಗ್ರಂಥ ಬರೆದವರೂ ಇವರೇ. 1955ರಲ್ಲಿ ಇಲ್ಲಿಯೇ ತೀರಿಕೊಂಡರು.

1924ರಲ್ಲಿ ಮೊಹೆಂಜೊದಾರೊ, ಹರಪ್ಪಾಗಳ ಶೋಧ ಪ್ರಕಟವಾದ ಮೇಲೆ ಫಾದರ್ ಹೆರಾಸರ ಮನಸ್ಸು ಅಲ್ಲಿ ಸಿಕ್ಕ ಮುದ್ರೆಗಳ ಮೇಲೆ ನೆಟ್ಟಿತು. ಆ ನಗರಗಳು ಉಚ್ಛ್ರಾಯದಲ್ಲಿದ್ದುದು ಕ್ರಿಸ್ತಪೂರ್ವ 2600ರಿಂದ 1900ರ ಸುಮಾರಿಗೆ. ಮುದ್ರೆಗಳ ಮೇಲಿನ ಬರಹವನ್ನು ಇಂದಿನವರೆಗೂ ಯಾರೂ ನಿಶ್ಚಿತವಾಗಿ ಓದಿಲ್ಲ. ಅದರಲ್ಲಿ ಬಹಳ ಹೆಚ್ಚಾಗಿ ಬರುವ ಒಂದು ಚಿಹ್ನೆ ಮೀನಿನ ಆಕಾರದ್ದು. ಮುದ್ರೆಯ ಮೇಲೆಲ್ಲ ಮೀನನ್ನು ಬರೆದಿಡಲು ಅವರೇನು ಮೀನಿನ ವ್ಯಾಪಾರಿಗಳೇ?

ಹೆರಾಸರು ಆ ಚಿಹ್ನೆಯನ್ನು 'ಮೀನ್' ಎಂದು ಓದಿದರು. ತಮಿಳಿನಲ್ಲಿ 'ಮೀನ್' ಎಂದರೆ ಜಲಚರವೂ ಹೌದು, ಆಕಾಶದ ನಕ್ಷತ್ರವೂ ಹೌದು ಎಂಬುದನ್ನು ಎತ್ತಿ ತೋರಿಸಿದರು. ನಮ್ಮ ಕನ್ನಡದ ಮಿನುಗು, ಮಿಂಚು ಎಂಬ ಮಾತುಗಳೂ ಆ ಹೊಳೆಯುವ 'ಮಿನ್' ಧಾತುವಿನವು. ಚಿತ್ರ ಬರೆಯಲಾಗದ ಸಂಗತಿಗೆ ಅದೇ ಧ್ವನಿಯ ಇನ್ನೊಂದರ ಚಿತ್ರ ಬರೆಯುವುದು ಹಳೆಯ ಲಿಪಿಗಳ ಒಂದು ಉಪಾಯ. 'ಅರಸು' ಎಂದರೆ ಹುಡುಕು ಎಂಬ ಅರ್ಥವೂ ಉಂಟಷ್ಟೆ. ಹುಡುಕುವುದನ್ನು ಹೇಗೆ ಚಿತ್ರಿಸುವುದು? ಕಿರೀಟ ತೊಟ್ಟ ಅರಸನನ್ನು ಬರೆದುಬಿಟ್ಟರಾಯಿತು. ಹಾಗೆಯೇ ಮೀನನ್ನು ಬರೆದು ನಕ್ಷತ್ರವೆಂದು ಓದಿಸಿರಬಹುದು. ಹೆರಾಸರ ದೊಡ್ಡ ಗ್ರಂಥ 1953ರಲ್ಲಿ ಪ್ರಕಟವಾಯಿತು. ಅದರ ಓದುಗಳಲ್ಲಿ ಹೆಚ್ಚಿನವನ್ನು ಮುಂದಿನವರು ಒಪ್ಪಲಿಲ್ಲ. ಮೀನಿನದನ್ನು ಮಾತ್ರ ಮರೆಯಲಾಗಲಿಲ್ಲ.

ಹೆಲ್ಸಿಂಕಿ ವಿಶ್ವವಿದ್ಯಾಲಯದ ಆಸ್ಕೊ ಪಾರ್ಪೊಲಾ ಅವರು ತಮ್ಮ ಸಂಗಡಿಗರೊಡನೆ ಗಣಕಯಂತ್ರದ ಸಹಾಯದಿಂದ ಈ ಚಿಹ್ನೆಗಳನ್ನು ಅಭ್ಯಸಿಸಿ 1969ರಲ್ಲಿ ಮೊದಲ ಫಲವನ್ನು ಪ್ರಕಟಿಸಿದರು. 1994ರಲ್ಲಿ ಅವರ ಮುಖ್ಯ ಗ್ರಂಥ ಬಂದಿತು. ಅವರ ತಾಯ್ನುಡಿಯಲ್ಲಿ ಮೀನು 'ಕಲ', ನಕ್ಷತ್ರ 'ತಾಹ್ತಿ', ಒಂದಕ್ಕೊಂದು ಹೋಲಿಕೆಯಿಲ್ಲ. ಸಂಸ್ಕೃತದ ಮತ್ಸ್ಯಕ್ಕೂ ತಾರೆಗೂ ಹೋಲಿಕೆಯಿಲ್ಲ. ದ್ರಾವಿಡದಲ್ಲಿ ಮಾತ್ರ ಎರಡೂ ಕೂಡಿಬರುತ್ತವೆ. ಮುದ್ರೆಗಳಲ್ಲಿ ಕೆಲವೆಡೆ ಮೀನಿನ ಜೊತೆಗೆ ಆರು ಗೀಟುಗಳು, ಕೆಲವೆಡೆ ಏಳು ಗೀಟುಗಳು ಇವೆ. ಹಳೆಯ ತಮಿಳಿನಲ್ಲಿ ಕೃತ್ತಿಕೆಯ ಹೆಸರು 'ಅರುಮೀನ್', ಅಂದರೆ ಆರು ಮೀನು. ಏಳು ಮೀನು ಎಂದರೆ ಸಪ್ತರ್ಷಿಮಂಡಲವಿರಬೇಕೆಂದು ಅವರ ವಾದ.

ಇದು ವಾದವೇ ಹೊರತು ತೀರ್ಪಲ್ಲ. ಅದು ಭಾಷೆಯ ಲಿಪಿಯೇ ಅಲ್ಲವೆಂದು ಮೂವರು ವಿದ್ವಾಂಸರು 2004ರಲ್ಲಿ ಬರೆದರು. ಚಿಹ್ನೆಗಳ ಸಾಲಿನ ಕ್ರಮವು ಭಾಷೆಯ ಬರಹದ ಕ್ರಮವನ್ನು ಹೋಲುತ್ತದೆಂದು ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರೂ ಸೇರಿದ ತಂಡವೊಂದು 2009ರಲ್ಲಿ ಗಣಿತದಿಂದ ತೋರಿಸಿತು. ಎರಡು ಭಾಷೆಗಳಲ್ಲಿ ಬರೆದ ಒಂದೇ ಶಾಸನ ಸಿಗುವವರೆಗೆ ಈ ವ್ಯಾಜ್ಯ ಮುಗಿಯಲಾರದು. ಆದುದರಿಂದ ಹರಪ್ಪಾದವರು ನಮ್ಮ ಅಜ್ಜಂದಿರೆಂದು ನಾವು ಸಭೆಯಲ್ಲಿ ಎದೆತಟ್ಟಿಕೊಳ್ಳುವುದು ಬೇಡ. ಮೀನು ಎಂಬುದು ಕನ್ನಡ ತನ್ನ ತವರಿನಿಂದ ತಂದ ಮಾತು ಎಂಬಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಹುದು. ಮಗಳ ಪ್ರಶ್ನೆಗೆ ಅಷ್ಟು ಸಾಕು.

ಆದರೆ ಕಡತ ಮುಚ್ಚುವ ಮುನ್ನ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಅದು ತೆಲುಗಿನದು. ತೆಲುಗಿನಲ್ಲಿಯೂ 'ಮೀನು' ಇದೆ, ಆದರೆ ಪುಸ್ತಕದಲ್ಲಿ. ಮನೆಯಲ್ಲಿ, ಪೇಟೆಯಲ್ಲಿ ಅವರಾಡುವ ಮಾತು 'ಚೇಪ'. ತವರಿನ ಮಾತೇ ಆದರೂ, ಎಷ್ಟು ಸಾವಿರ ವರ್ಷ ಹಳೆಯದಾದರೂ, ಬಾಯಿಂದ ಬಿದ್ದುಹೋದರೆ ಶಬ್ದ ನಿಘಂಟಿಗೆ ಸೇರುತ್ತದೆ. ತೊದವರ ಬೆಟ್ಟದಲ್ಲಿ, ಗೊಂಡರ ಕಾಡಿನಲ್ಲಿ ಈ ಶಬ್ದವನ್ನು ಕಾಪಾಡಿದುದು ಯಾವ ಶಾಸನವೂ ಅಲ್ಲ, ಯಾವ ಅಕಾಡೆಮಿಯೂ ಅಲ್ಲ. ಮಕ್ಕಳಿಗೆ ಉಣಬಡಿಸುತ್ತ ಹೆಸರು ಹೇಳಿಕೊಟ್ಟ ತಾಯಂದಿರು, ಅಜ್ಜಿಯರು. ನಮ್ಮ ಅಮ್ಮ ಅಂದು "ಮೀನ್ ಅಂತ ಹೇಳ್" ಎಂದದ್ದು ಅದೇ ಕೆಲಸ. ಅವರ ಪರವಾಗಿ ಅಂದೇ ಒಂದು ಮಾತೂ ಆಡದೆ ಸುಮ್ಮನಿದ್ದ ತಪ್ಪು ನಮ್ಮದು.

ಇಷ್ಟೆಲ್ಲ ತಿಳಿಯುವ ಹೊತ್ತಿಗೆ ಅಮ್ಮನ ಟಿಕೆಟ್ಟಿನ ದಿನ ಬಂದೇಬಿಟ್ಟಿತ್ತು. ಮಾರ್ಚಿಯ ಒಂದು ಮಧ್ಯಾಹ್ನ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ ಗಾಡಿಗಾಗಿ ನಿಂತಿದ್ದೆವು. ಊರಿಗೆ ಹೋಗುವ ಆ ಗಾಡಿಯ ಹೆಸರು ವಾಚಕರಲ್ಲಿ ಕರಾವಳಿಯವರಿಗೆಲ್ಲ ಗೊತ್ತು. ಮಗಳು ಫಲಕದ ಅಕ್ಷರಗಳನ್ನು ಕೂಡಿಸಿ "ಮ-ತ್ಸ್ಯ-ಗಂ-ಧಾ" ಎಂದು ಓದಿ, "ಹಾಗೆಂದರೇನು ಅಜ್ಜೀ?" ಎಂದಳು. ಅಮ್ಮ ಶಾಲೆ ಓದಿದುದು ನಾಲ್ಕನೆಯ ತರಗತಿಯವರೆಗೆ. ಆದರೆ ಯಕ್ಷಗಾನ ನೋಡಿ ಬೆಳೆದವರಿಗೆ ಮಹಾಭಾರತ ಯಾರೂ ಕಲಿಸಬೇಕಾಗಿಲ್ಲ. ಯಮುನೆಯಲ್ಲಿ ದೋಣಿ ನಡೆಸುತ್ತಿದ್ದ ಹುಡುಗಿ, ಮೈಯೆಲ್ಲ ಮೀನಿನ ವಾಸನೆ, ಅವಳೇ ಮುಂದೆ ಹಸ್ತಿನಾವತಿಯ ರಾಣಿ ಸತ್ಯವತಿ ಎಂದು ಗಾಡಿ ಬರುವವರೆಗೂ ಕಥೆ ಹೇಳಿದರು.

"ಹಾಗಾದರೆ ಮತ್ಸ್ಯ ಅಂದರೆ ಮೀನಾ?" ಎಂದಳು ಮಗಳು.

ಆ ಶಬ್ದ ಅವಳ ಬಾಯಿಂದ ತಾನಾಗಿ ಬಂದುದನ್ನು ಕೇಳಿ ಅಮ್ಮ ನಮ್ಮ ಕಡೆ ನೋಡಿದರು. ನಾವು ಆಗ ಪ್ಲಾಟ್‌ಫಾರ್ಮಿನಲ್ಲೇ ನಿಂತು, ಗಡಚಿರೋಲಿಯ ತಾಯಿಯ ವಿಷಯ, ಬೆಟ್ಟದ ತೊದವರ ವಿಷಯ, ಮುದ್ರೆಯ ಮೀನಿನ ವಿಷಯ, ಎಲ್ಲವನ್ನೂ ಅವಸರ ಅವಸರವಾಗಿ ಹೇಳಿದೆವು. ಅಮ್ಮನಿಗೆ ಎಷ್ಟು ತಿಳಿಯಿತೋ ಕಾಣೆವು. "ಅಷ್ಟ್ ದೂರದವರೂ ಮೀನ್ ಅಂತಲೇ ಹೇಳ್ತ್ರಾ?" ಎಂದು ಮಾತ್ರ ಕೇಳಿದರು. ಹೌದೆಂದೆವು. ಗಾಡಿ ಹೊರಟಾಗ ಕಿಟಕಿಯಿಂದ ಮಗಳ ಕೆನ್ನೆ ಮುಟ್ಟಿ, "ಚೌತಿ ಕಳ್ದ್ ಮೇಲೆ ಬತ್ತೆ" ಎಂದರು.

ಈಗ ಪ್ರತಿ ಭಾನುವಾರ ಪೇಟೆಯಿಂದ ಬಂದೊಡನೆ ಮಗಳು ಊರಿಗೆ ಫೋನು ಮಾಡಿ ಅಂದು ತಂದ ಮೀನಿನ ಹೆಸರು ಒಪ್ಪಿಸಬೇಕು. ಕೋಲಿ ಮಾವಶಿ ಹೇಳಿದ ಹೆಸರನ್ನು ಇವಳು ಹೇಳುತ್ತಾಳೆ. ಊರಿನ ಹೆಸರನ್ನು ಅಜ್ಜಿ ಹೇಳುತ್ತಾರೆ. ಸುರಮೈ ಎಂದರೆ ಅಂಜಲ್, ಪಾಪಲೇಟ್ ಎಂದರೆ ಮಾಂಜಿ, ಮುಡದುಶಿ ಎಂದರೆ ಕಾಣೆ. ಬಾಂಗಡಾ ಎಂದಾಗ ಮಾತ್ರ ಇಬ್ಬರೂ ನಗುತ್ತಾರೆ. ಅದು ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಎರಡು ಅಂಕಣದ ಒಂದು ಹಳೆಯ ನೋಟುಪುಸ್ತಕದಲ್ಲಿ ಅವಳು ಇವನ್ನು ಬರೆದಿಡುತ್ತಿದ್ದಾಳೆ, ಹದಿನೇಳು ಹೆಸರಾಗಿವೆ. ಮೀನು ತಿನ್ನದ ಮನೆಯವರು ಸೊಪ್ಪುತರಕಾರಿಯ ಹೆಸರುಗಳಿಂದ ಹೀಗೆಯೇ ಆರಂಭಿಸಬಹುದು. ಬೊಂಬಿಲ್ಲಿಗೆ ಊರಿನಲ್ಲಿ ಏನೆನ್ನುತ್ತಾರೆಂದು ಕಳೆದ ವಾರ ಅಜ್ಜಿಯನ್ನು ಕೇಳಿದ್ದಳು. ಅಜ್ಜಿ, "ವಿಚಾರಿಸಿ ಬರುವ ವಾರ ಹೇಳ್ತೆ" ಎಂದಿದ್ದಾರೆ. ನಾವೂ ಕಾಯುತ್ತಿದ್ದೇವೆ.